ವಿಲಿಯಂ ಲೆಂಥಾಲ್

ವಿಲಿಯಂ ಲೆಂಥಾಲ್ (1591–1662) ಇಂಗ್ಲೆಂಡಿನ ನ್ಯಾಯವಾದಿ ಮತ್ತು ಅಂತರ್ಯುದ್ಧದ ಕಾಲದ ಸಭಾಧ್ಯಕ್ಷ. 1640ರಲ್ಲಿ ಸೇರಿದ ದೀರ್ಘ ಸಂಸತ್ತಿನಲ್ಲಿ ಹೌಸ್ ಆಫ್ ಕಾಮನ್ಸ್‌ನ ಪೀಠವನ್ನು ಅಲಂಕರಿಸಿದ.

ಥೇಮ್ಸ್ ನದಿಯ ದಡದ ಹೆನ್ಲಿಯಲ್ಲಿ ಜನಿಸಿದ ಈತ ಆಕ್ಸ್‌ಫರ್ಡಿನಲ್ಲಿ ಓದಿದರೂ ಪದವಿ ಪಡೆಯಲಿಲ್ಲ. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಕಾನೂನು ಕಲಿತು 1616ರಲ್ಲಿ ವಕೀಲನಾದ. ರಾಜ ಒಂದನೆಯ ಚಾರ್ಲ್ಸ್ ಸಭಾಧ್ಯಕ್ಷ ಸ್ಥಾನಕ್ಕೆ ಬಯಸಿದ್ದ ಸರ್ ಥಾಮಸ್ ಗಾರ್ಡಿನರ್ ಚುನಾವಣೆಯಲ್ಲಿ ಆಯ್ಕೆಯಾಗದ ಕಾರಣ, 1640ರ ನವೆಂಬರ್ 3ರಂದು ವುಡ್‌ಸ್ಟಾಕ್ ಕ್ಷೇತ್ರದ ಸದಸ್ಯನಾದ ಲೆಂಥಾಲನಿಗೆ ಆ ಸ್ಥಾನ ಒದಗಿತು. ಸ್ವಭಾವತಃ ಈತ ಧೀರನೇನೂ ಆಗಿರಲಿಲ್ಲ.

ಐವರು ಸದಸ್ಯರ ಪ್ರಕರಣ

1642ರ ಜನವರಿ 4ರಂದು ಚಾರ್ಲ್ಸ್ ಸುಮಾರು 400 ಮಂದಿ ಶಸ್ತ್ರಧಾರಿಗಳೊಡನೆ ಬಂದು, ಅವರನ್ನು ಹೊರಗೆ ನಿಲ್ಲಿಸಿ, ತಾನು ಸದನದೊಳಗೆ ಪ್ರವೇಶಿಸಿದ. ಜಾನ್ ಪಿಮ್, ಜಾನ್ ಹ್ಯಾಂಪ್ಡನ್, ಡೆನ್ಜಿಲ್ ಹೋಲ್ಸ್, ಆರ್ಥರ್ ಹ್ಯಾಸೆಲ್ರಿಗ್, ವಿಲಿಯಂ ಸ್ಟ್ರೋಡ್ ಎಂಬ ಐವರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸುವುದು ಅವನ ಉದ್ದೇಶವಾಗಿತ್ತು. ಸುಳಿವು ದೊರೆತ ಅವರು ಅಷ್ಟರಲ್ಲಿ ದೋಣಿಯೇರಿ ಪಾರಾಗಿದ್ದರು. ಅವರೆಲ್ಲಿ ಎಂದು ರಾಜ ಸಭಾಧ್ಯಕ್ಷನನ್ನೇ ಕೇಳಿದ. ಲೆಂಥಾಲ್ ಮಂಡಿಯೂರಿ ಕ್ಷಮೆ ಬೇಡುತ್ತಲೇ, ಆ ಸ್ಥಳದಲ್ಲಿ ಸದನದ ಆಜ್ಞೆಯಿಲ್ಲದೆ ತನಗೆ ನೋಡಲು ಕಣ್ಣಾಗಲಿ, ಆಡಲು ನಾಲಗೆಯಾಗಲಿ ಇಲ್ಲವೆಂದು ಬಿನ್ನವಿಸಿದ. ರಾಜ ಬರಿಗೈಯಲ್ಲಿ ಹಿಂದಿರುಗಿದ. ಅಂದಿನಿಂದ ಯಾವ ದೊರೆಯೂ ಕಾಮನ್ಸ್‌ನ ಅಧಿವೇಶನದೊಳಗೆ ಕಾಲಿಟ್ಟಿಲ್ಲ. ಸಭಾಧ್ಯಕ್ಷ ರಾಜನ ಆಳಲ್ಲ, ಸದನದ ಸೇವಕ ಎಂಬ ತತ್ತ್ವಕ್ಕೆ ಈ ಪ್ರಸಂಗವನ್ನೇ ಇಂದಿಗೂ ನಿದರ್ಶನವಾಗಿ ಹೇಳುವುದುಂಟು.

ನಂತರದ ವರ್ಷಗಳು

1647ರಲ್ಲಿ ಲಂಡನ್ನಿನ ದೊಂಬಿ ಸದನಕ್ಕೆ ನುಗ್ಗಿದಾಗ ಲೆಂಥಾಲ್ ಸೈನ್ಯದ ಆಶ್ರಯಕ್ಕೆ ಓಡಿದ. ಮರುವರ್ಷ ಅದೇ ಸೈನ್ಯ ಸದಸ್ಯರನ್ನು ಬಾಗಿಲಲ್ಲೇ ತಡೆದು ಹೊರದಬ್ಬಿತು. 1649ರಲ್ಲಿ ರಾಜನ ಶಿರಚ್ಛೇದವಾಯಿತು. ಆಗಲೂ ಈತ ಪೀಠ ಬಿಡಲಿಲ್ಲ. 1653ರ ಏಪ್ರಿಲ್ 20ರಂದು ಕ್ರಾಮ್‌ವೆಲ್ ಸದನವನ್ನು ಚದುರಿಸಿದಾಗ ಬಲವಂತವಿಲ್ಲದೆ ಇಳಿಯಲೊಪ್ಪದ ಈತನನ್ನು ಹ್ಯಾರಿಸನ್ ಕೈಹಿಡಿದು ಇಳಿಸಬೇಕಾಯಿತು. ಆದರೆ ಮರುವರ್ಷವೇ ಕ್ರಾಮ್‌ವೆಲ್ಲನ ಸಂಸತ್ತಿಗೂ ಈತನೇ ಸಭಾಧ್ಯಕ್ಷನಾದ!

1660ರಲ್ಲಿ ರಾಜಪ್ರಭುತ್ವ ಮರಳಿತು. ಜನರಲ್ ಮಾಂಕ್‌ನ ಬೆಂಬಲದಿಂದ ಜೀವ ಉಳಿಯಿತಾದರೂ ಸಾರ್ವಜನಿಕ ಹುದ್ದೆಗಳ ಬಾಗಿಲು ಮುಚ್ಚಿತು. ಅದೇ ಅಕ್ಟೋಬರಿನಲ್ಲಿ, ರಾಜಹತ್ಯೆಯ ಆರೋಪಿ ಥಾಮಸ್ ಸ್ಕಾಟ್‌ನ ವಿಚಾರಣೆಯಲ್ಲಿ, ಆತ ಸದನದೊಳಗೆ ಆಡಿದ್ದ ಮಾತುಗಳ ಬಗ್ಗೆ ಲೆಂಥಾಲ್ ಸಾಕ್ಷ್ಯ ನುಡಿದ. ಹದಿನೆಂಟು ವರ್ಷಗಳ ಹಿಂದೆ ರಾಜನೆದುರು ಇಲ್ಲವೆಂದಿದ್ದ ನಾಲಗೆ ಅದೇ. ಸ್ಕಾಟ್‌ಗೆ ಮರಣದಂಡನೆಯಾಯಿತು.

ಬರ್ಫರ್ಡಿನಲ್ಲಿ ತಾನು ಕೊಂಡಿದ್ದ ಪ್ರಯರಿ ಭವನದಲ್ಲಿ ಲೆಂಥಾಲ್ ಕೊನೆಯ ದಿನಗಳನ್ನು ಕಳೆದ. ಮರಣಶಯ್ಯೆಯಲ್ಲಿ ಪಾದ್ರಿಯೊಬ್ಬರೆದುರು ತನ್ನ ಹಿಂದಿನ ನಡತೆಗಾಗಿ ಪಶ್ಚಾತ್ತಾಪಪಟ್ಟು, ತನಗೆ ಸ್ಮಾರಕ ಕಟ್ಟಬಾರದೆಂದು ಕೋರಿದ. 1662ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.