ಲೂಯಿ ಪಾಶ್ಚರ್ (1822–1895) ಮತ್ತು ರೋಗರಹಿತ ರೇಷ್ಮೆ ಮೊಟ್ಟೆ

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರು ಬಿತ್ತನೆ ಕೋಠಿಗಳಿಂದ ಪಡೆಯುವ ರೋಗರಹಿತ ಮೊಟ್ಟೆಗಳ ಹಿಂದೆ ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ ಅವರ ಪರಿಶ್ರಮವಿದೆ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಡೋಲ್ ಪಟ್ಟಣದಲ್ಲಿ ಚರ್ಮ ಹದಮಾಡುವವರ ಕುಟುಂಬದಲ್ಲಿ ಜನಿಸಿದರು. ರಸಾಯನಶಾಸ್ತ್ರದಲ್ಲಿ ಖ್ಯಾತಿ ಪಡೆದ ನಂತರ, 1865ರಲ್ಲಿ ತಮ್ಮ ಗುರುಗಳಾದ ದ್ಯುಮಾ ಅವರ ಕೋರಿಕೆಯ ಮೇರೆಗೆ ದಕ್ಷಿಣ ಫ್ರಾನ್ಸಿನ ಆಲೆಸ್‌ಗೆ ತೆರಳಿದರು. ಪೆಬ್ರಿನ್ ಎಂಬ ಗಂಟುರೋಗದಿಂದ ಅಲ್ಲಿನ ರೇಷ್ಮೆ ಕೃಷಿಕರು ಜೀವನೋಪಾಯ ಕಳೆದುಕೊಂಡಿದ್ದರು. ಪಾಶ್ಚರ್ ಅವರಿಗಾದರೋ ರೇಷ್ಮೆಹುಳುವಿನ ಪರಿಚಯವೇ ಇರಲಿಲ್ಲ.

ಅದೇ ವರ್ಷ ಅವರ ತಂದೆ ಹಾಗೂ ಕಿರಿಯ ಮಗಳು, 1866ರಲ್ಲಿ ಮತ್ತೊಬ್ಬ ಮಗಳು ನಿಧನರಾದರು. ಆದರೂ ಅವರು ಸಂಶೋಧನೆಯನ್ನು ನಿಲ್ಲಿಸಲಿಲ್ಲ. ಹುಳುವಿನಲ್ಲಿ ಕಾಣುವ ಸೂಕ್ಷ್ಮ ಕಣಗಳು ರೋಗದ ಕಾರಣವಲ್ಲವೆಂದು ಮೊದಲು ಭಾವಿಸಿದ್ದ ಅವರು, ಪ್ರಯೋಗಗಳ ನಂತರ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಪ್ರತಿ ಚಿಟ್ಟೆಯ ಮೊಟ್ಟೆಗಳನ್ನು ಪ್ರತ್ಯೇಕವಾಗಿರಿಸಿ, ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಣಗಳು ಕಂಡುಬಂದಲ್ಲಿ ಆ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು ರೂಪಿಸಿದರು. 1868ರಲ್ಲಿ ಪಾರ್ಶ್ವವಾಯುವಿನಿಂದ ಅವರ ಎಡಭಾಗ ಸ್ವಾಧೀನ ತಪ್ಪಿತು. ಆ ಸ್ಥಿತಿಯಲ್ಲಿಯೇ ಕಾರ್ಯ ಮುಂದುವರಿಸಿ 1870ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ಸಪ್ಪೆರೋಗವು ಗಂಟುರೋಗಕ್ಕಿಂತ ಬೇರೆಯೆಂದು ಗುರುತಿಸಿದ ಅವರು, ಸೊಪ್ಪಿನ ಗುಣಮಟ್ಟ ಹಾಗೂ ಸಾಕಣೆ ಮನೆಯ ಗಾಳಿಯ ಕಡೆಗೂ ಗಮನ ಸೆಳೆದರು. ಇದರ ಮಹತ್ವವನ್ನು ನಂತರದ ವಿಜ್ಞಾನವು ವಿವರಿಸಿದೆ. ಹುಳುವಿನ ಒಡಲಿನಲ್ಲಿರುವ ಕೊಬ್ಬಿನ ಅಂಗಾಂಶವು ಆಹಾರದ ಕೊಬ್ಬನ್ನು ಸಂಗ್ರಹಿಸುವುದಲ್ಲದೆ, ರೋಗಾಣುಗಳನ್ನು ಎದುರಿಸುವ ಪ್ರೋಟೀನುಗಳನ್ನೂ ತಯಾರಿಸುತ್ತದೆ. ಹುಳುವು ತಾನಾಗಿ ತಯಾರಿಸಿಕೊಳ್ಳಲಾಗದ ಕೆಲವು ಕೊಬ್ಬಿನಂಶಗಳು ಹಿಪ್ಪುನೇರಳೆ ಸೊಪ್ಪಿನಿಂದಲೇ ದೊರೆಯಬೇಕು. ಆದರೆ ತಾಯಿಯಿಂದ ಮೊಟ್ಟೆಯ ಮೂಲಕ ಬಂದ ಗಂಟುರೋಗವನ್ನು ಉತ್ತಮ ಸೊಪ್ಪು ಗುಣಪಡಿಸಲಾರದು.

ಮುಂದೆ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ನೀಡಿ ವಿಶ್ವಖ್ಯಾತರಾದ ಪಾಶ್ಚರ್ ಅವರು 1895ರ ಸೆಪ್ಟೆಂಬರ್ 28ರಂದು ನಿಧನರಾದರು. ಅವರ ವಿಧಾನವು ಮೈಸೂರು ಸಂಸ್ಥಾನಕ್ಕೂ ತಲುಪಿತು. 1910ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವು ಆರಂಭವಾಯಿತು. ತಾಯಿಚಿಟ್ಟೆ ಪರೀಕ್ಷೆಯು ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ಆದುದರಿಂದ ಬೆಳೆಗಾರರು ಪರೀಕ್ಷಿಸಲ್ಪಟ್ಟ ಮೊಟ್ಟೆಗಳನ್ನು ಸರ್ಕಾರಿ ಅಥವಾ ಪರವಾನಗಿ ಪಡೆದ ಬಿತ್ತನೆ ಕೋಠಿಗಳಿಂದಲೇ ಪಡೆಯಲು ಕೋರಲಾಗಿದೆ.