ಹೆನ್ರಿ ಹಾರ್ಲೆ ಆರ್ನಾಲ್ಡ್

ಹೆನ್ರಿ ಹಾರ್ಲೆ ಆರ್ನಾಲ್ಡ್ (ಜೂನ್ 25, 1886 – ಜನವರಿ 15, 1950) ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾಧಿಕಾರಿ ಹಾಗೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದ ಭೂಸೇನಾ ವಾಯುಪಡೆಗಳ ಮುಖ್ಯಸ್ಥರು. ಹ್ಯಾಪ್ ಆರ್ನಾಲ್ಡ್ ಎಂಬ ಹೆಸರಿನಿಂದಲೇ ಇವರು ಹೆಚ್ಚು ಪರಿಚಿತರು. ರಾಷ್ಟ್ರೀಯ ಭದ್ರತೆಯ ಕುರಿತು ಅಧ್ಯಯನ ನಡೆಸುವ ಚಿಂತಕರ ಚಾವಡಿಗಳಲ್ಲಿ ಅತ್ಯಂತ ಪ್ರಭಾವಶಾಲಿಯೆನಿಸಿದ ರ‍್ಯಾಂಡ್ ಸಂಸ್ಥೆಯ ಹುಟ್ಟಿಗೆ ಇವರೇ ಮುಖ್ಯ ಪ್ರೇರಕರು.

ಆರಂಭಿಕ ಜೀವನ

ಆರ್ನಾಲ್ಡ್ ಪೆನ್ಸಿಲ್ವೇನಿಯಾ ರಾಜ್ಯದ ಗ್ಲ್ಯಾಡ್ವಿನ್ ಎಂಬಲ್ಲಿ ಜನಿಸಿದರು. ತಂದೆ ವೈದ್ಯರು. 1907ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಪದವಿ ಪಡೆದ ಇವರು ಅಶ್ವದಳವನ್ನು ಬಯಸಿದ್ದರೂ ದೊರೆತದ್ದು ಪದಾತಿದಳ. 1911ರಲ್ಲಿ ಓಹಾಯೊದ ಡೇಟನ್ ನಗರದಲ್ಲಿದ್ದ ರೈಟ್ ಸಹೋದರರ ಶಾಲೆಯಲ್ಲಿ ವಿಮಾನ ಚಾಲನೆ ಕಲಿತು, ಅಮೆರಿಕ ಸೇನೆಯ ಮೊದಲ ಕೆಲವೇ ವೈಮಾನಿಕರಲ್ಲಿ ಒಬ್ಬರಾದರು. ಮರುವರ್ಷವೇ ಹಾರಾಟದಲ್ಲಿದ್ದ ವಿಮಾನ ಹಿಡಿತ ತಪ್ಪಿ ನೆಲಕ್ಕೆ ಬೀಳುವುದರಲ್ಲಿತ್ತು. ಕೊನೆಯ ಕ್ಷಣದಲ್ಲಿ ಅದನ್ನು ಹತೋಟಿಗೆ ತಂದರಾದರೂ ಆ ಭೀತಿಯಿಂದ ಸುಮಾರು ನಾಲ್ಕು ವರ್ಷ ಇವರು ವಿಮಾನ ನಡೆಸಲಿಲ್ಲ. ಮುಂದೆ ಒಂದು ದೇಶದ ವಾಯುಬಲವನ್ನೇ ಕಟ್ಟಿದ ವ್ಯಕ್ತಿಯ ಜೀವನದಲ್ಲಿ ಇದು ಗಮನಾರ್ಹ ಸಂಗತಿ.

ಮೊದಲನೆಯ ಮಹಾಯುದ್ಧದಲ್ಲಿ ಇವರ ಸೇವೆ ಬಹುಮಟ್ಟಿಗೆ ವಾಷಿಂಗ್ಟನ್ನಿನ ಕಚೇರಿಯಲ್ಲಿ ಕಳೆಯಿತು. ವಿಮಾನವನ್ನು ಮೊದಲು ಹಾರಿಸಿದ ದೇಶವೇ ಯುದ್ಧರಂಗದಲ್ಲಿ ಬಹುಪಾಲು ಯೂರೋಪಿನಲ್ಲಿ ತಯಾರಾದ ವಿಮಾನಗಳನ್ನು ಅವಲಂಬಿಸಬೇಕಾಯಿತು. ಯುದ್ಧ ಬಂದ ಮೇಲೆ ಸಂಶೋಧನೆಗೆ ತೊಡಗಿದರೆ ಕಾಲ ಮೀರಿರುತ್ತದೆ ಎಂಬ ನಂಬಿಕೆ ಇವರ ನಂತರದ ಎಲ್ಲ ನಿರ್ಧಾರಗಳ ಹಿಂದೆ ಕಾಣುತ್ತದೆ. 1925ರಲ್ಲಿ, ವಾಯುಬಲದ ಪ್ರತಿಪಾದಕ ಬಿಲ್ಲಿ ಮಿಚೆಲ್ ಅವರ ಸೇನಾ ವಿಚಾರಣೆಯಲ್ಲಿ ಅವರ ಪರವಾಗಿ ಸಾಕ್ಷ್ಯ ನುಡಿದರು. ಆ ನಿಲುವನ್ನು ಬಿಡದ ಕಾರಣ ರಾಜಧಾನಿಯಿಂದ ದೂರದ ಫೋರ್ಟ್ ರೈಲಿಗೆ ವರ್ಗವಾದರು.

ವಾಯುಪಡೆಯ ನೇತೃತ್ವ

1938ರ ಸೆಪ್ಟೆಂಬರ್‌ನಲ್ಲಿ ಆಸ್ಕರ್ ವೆಸ್ಟೋವರ್ ವಿಮಾನಾಪಘಾತದಲ್ಲಿ ಮೃತರಾದಾಗ ಆರ್ನಾಲ್ಡ್ ವಾಯುದಳದ ಮುಖ್ಯಸ್ಥರಾದರು. ಆಗ ಸುಮಾರು 20,000 ಸಿಬ್ಬಂದಿಯಿದ್ದ ಪಡೆ 1944ರ ವೇಳೆಗೆ ಸುಮಾರು 24 ಲಕ್ಷಕ್ಕೆ ಬೆಳೆಯಿತು. 1943 ಮತ್ತು 1945ರ ನಡುವೆ ನಾಲ್ಕು ಬಾರಿ ಹೃದಯಾಘಾತವಾದರೂ ಇವರು ಹುದ್ದೆ ತೊರೆಯಲಿಲ್ಲ. ಜಪಾನಿನ ನಗರಗಳ ಮೇಲೆ ಬೆಂಕಿ ಬಾಂಬುಗಳನ್ನು ಸುರಿಸಿದ ಇಪ್ಪತ್ತನೆಯ ವಾಯುಪಡೆ ನೇರವಾಗಿ ಇವರ ಅಧೀನದಲ್ಲಿತ್ತು. ಆ ದಾಳಿಗಳಲ್ಲಿ ಅಪಾರ ಸಂಖ್ಯೆಯ ನಾಗರಿಕರು ಸತ್ತರು. ಇವರ ಸಾಧನೆಯ ಮೌಲ್ಯಮಾಪನದಲ್ಲಿ ಈ ಭಾಗವನ್ನು ಕೈಬಿಡಲಾಗದು.

ರ‍್ಯಾಂಡ್ ಸಂಸ್ಥೆಯ ಹುಟ್ಟು

ಯುದ್ಧ ಮುಗಿಯುವ ಮುನ್ನವೇ, 1944ರಲ್ಲಿ, ಆರ್ನಾಲ್ಡ್ ವಿಜ್ಞಾನಿ ಥಿಯೋಡೋರ್ ವಾನ್ ಕಾರ್ಮಾನ್ ಅವರಿಗೆ ಮುಂದಿನ ದಶಕಗಳ ವಾಯುಬಲದ ಸ್ವರೂಪವನ್ನು ಅಧ್ಯಯನ ಮಾಡುವ ಹೊಣೆ ವಹಿಸಿದರು. ಆದರೆ ಯುದ್ಧಾನಂತರ ವಿದ್ವಾಂಸರು ವಿಶ್ವವಿದ್ಯಾಲಯಗಳಿಗೂ ಕೈಗಾರಿಕೆಗಳಿಗೂ ಮರಳುವುದು ಖಚಿತವಿತ್ತು. ಅವರನ್ನು ಸಮವಸ್ತ್ರದ ಶಿಸ್ತಿಗೆ ಒಳಪಡಿಸದೆ ಸೇನೆಯ ಬಳಿ ಉಳಿಸಿಕೊಳ್ಳುವ ಮಾರ್ಗ ಬೇಕಿತ್ತು.

1945ರ ಅಕ್ಟೋಬರ್ 1ರಂದು ಕ್ಯಾಲಿಫೋರ್ನಿಯಾದ ಹ್ಯಾಮಿಲ್ಟನ್ ಫೀಲ್ಡ್ ವಾಯುನೆಲೆಯಲ್ಲಿ ಸಭೆ ಸೇರಿತು. ಯುದ್ಧ ಕಾರ್ಯದರ್ಶಿಯ ಸಲಹೆಗಾರ ಎಡ್ವರ್ಡ್ ಬೋಲ್ಸ್, ವಿಮಾನೋದ್ಯಮಿ ಡೊನಾಲ್ಡ್ ಡಗ್ಲಾಸ್, ಅವರ ಕಂಪನಿಯ ಎಂಜಿನಿಯರುಗಳಾದ ಆರ್ಥರ್ ರೇಮಂಡ್ ಮತ್ತು ಫ್ರಾಂಕ್ ಕಾಲ್ಬೋಮ್ ಅದರಲ್ಲಿದ್ದರು. ಯುದ್ಧಕಾಲದ ಸಂಶೋಧನಾ ನಿಧಿಯಲ್ಲಿ ಉಳಿದಿದ್ದ ಒಂದು ಕೋಟಿ ಡಾಲರನ್ನು ಆರ್ನಾಲ್ಡ್ ಈ ಯೋಜನೆಗೆ ಮೀಸಲಿಟ್ಟರು. ಸಂಶೋಧನೆ ಮತ್ತು ಅಭಿವೃದ್ಧಿ ಎಂಬ ಅರ್ಥದ ಇಂಗ್ಲಿಷ್ ಪದಗಳ ಸಂಕ್ಷೇಪವೇ ರ‍್ಯಾಂಡ್ ಎಂಬ ಹೆಸರು. 1946ರ ಮಾರ್ಚ್‌ನಲ್ಲಿ ಡಗ್ಲಾಸ್ ಕಂಪನಿಯೊಡನೆ ಒಪ್ಪಂದವಾಯಿತು. ಮೇ ತಿಂಗಳಲ್ಲಿ ಬಂದ ಮೊದಲ ವರದಿಯ ವಿಷಯ ಭೂಮಿಯನ್ನು ಸುತ್ತುವ ಕೃತಕ ಉಪಗ್ರಹ. ಸ್ಪುಟ್ನಿಕ್ ಹಾರಿದ್ದು ಇದಾದ 11 ವರ್ಷಗಳ ಬಳಿಕ.

ವ್ಯವಸ್ಥೆಯಲ್ಲಿ ಮೂಲದಲ್ಲೇ ಒಂದು ತೊಡಕಿತ್ತು. ವಿಮಾನ ಮಾರುವ ಕಂಪನಿಯೇ ಯಾವ ವಿಮಾನ ಬೇಕೆಂಬ ಸಲಹೆಯನ್ನೂ ನೀಡುವಂತಾಗಿತ್ತು. ಆರ್ನಾಲ್ಡರ ಮಗನಿಗೆ ಡಗ್ಲಾಸರ ಮಗಳನ್ನು ಕೊಟ್ಟು ವಿವಾಹವಾಗಿದ್ದರಿಂದ ಇಬ್ಬರೂ ಬೀಗರು ಕೂಡ. ಪ್ರತಿಸ್ಪರ್ಧಿ ಕಂಪನಿಗಳಿಗೆ ಅನುಮಾನವಿತ್ತು. ತನ್ನ ಗುತ್ತಿಗೆಗಳಿಗೆ ಧಕ್ಕೆಯಾದೀತೆಂಬ ಅಳುಕು ಡಗ್ಲಾಸ್ ಕಂಪನಿಗೂ ಇತ್ತು. 1948ರ ಮೇ 14ರಂದು ರ‍್ಯಾಂಡ್ ಲಾಭರಹಿತ ಸ್ವತಂತ್ರ ಸಂಸ್ಥೆಯಾಗಿ ನೋಂದಣಿಯಾಯಿತು. ವಕೀಲ ರೋವನ್ ಗೇಥರ್ ಇದಕ್ಕೆ ಶ್ರಮಿಸಿದರು, ಫೋರ್ಡ್ ಪ್ರತಿಷ್ಠಾನ ಹಣಕಾಸಿನ ನೆರವು ನೀಡಿತು, ಕಾಲ್ಬೋಮ್ ಮುಖ್ಯಸ್ಥರಾದರು.

ಸದಸ್ಯರ ಆಯ್ಕೆಯೂ ವಿಶಿಷ್ಟವಾಗಿತ್ತು. ಯುದ್ಧದ ಪ್ರಶ್ನೆಗಳಿಗೆ ಎಂಜಿನಿಯರುಗಳಷ್ಟೇ ಸಾಲರೆಂದು ಗಣಿತಜ್ಞ ಜಾನ್ ವಿಲಿಯಮ್ಸ್ ವಾದಿಸಿದ್ದರಿಂದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಹಿಚ್, ಸಮಾಜವಿಜ್ಞಾನಿ ಹ್ಯಾನ್ಸ್ ಸ್ಪೈಯರ್ ಮೊದಲಾದವರು ಸೇರಿದರು. ಭೌತವಿಜ್ಞಾನದ ಹಿನ್ನೆಲೆಯ ಹರ್ಮನ್ ಕಾನ್ ಬಂದರು. ಜಾನ್ ವಾನ್ ನಾಯ್ಮನ್ ಸಲಹೆಗಾರರಾಗಿದ್ದರು. 1950ರ ದಶಕದಲ್ಲಿ ಆಲ್ಬರ್ಟ್ ವೋಲ್‌ಸ್ಟೆಟರ್ ತಂಡವು ವಾಯುಪಡೆಯ ಹೊರದೇಶದ ನೆಲೆಗಳು ಹಠಾತ್ ದಾಳಿಗೆ ಸುಲಭ ಗುರಿಯಾಗುತ್ತವೆಂದು ತೋರಿಸಿತು. ಹಣ ಕೊಟ್ಟವರ ಯೋಜನೆಯನ್ನೇ ಪ್ರಶ್ನಿಸಿದ ಈ ಅಧ್ಯಯನವು ಸಂಸ್ಥೆಯ ಸ್ವಾತಂತ್ರ್ಯಕ್ಕೆ ಒಳ್ಳೆಯ ನಿದರ್ಶನ. ಆದರೆ ವಾಯುಬಲ ಎಷ್ಟಿರಬೇಕೆಂಬುದಕ್ಕಿಂತ ಅದನ್ನು ಹೇಗೆ ಉಳಿಸಬೇಕೆಂಬುದೇ ಅದರ ಪ್ರಶ್ನೆಯಾಗಿತ್ತು ಎಂಬುದನ್ನೂ ಗಮನಿಸಬೇಕು.

ಕೊನೆಯ ವರ್ಷಗಳು

1946ರಲ್ಲಿ ನಿವೃತ್ತರಾದ ಆರ್ನಾಲ್ಡ್ ಕ್ಯಾಲಿಫೋರ್ನಿಯಾದ ಸೊನೋಮಾ ಬಳಿಯ ತಮ್ಮ ಜಮೀನಿನಲ್ಲಿ ನೆಲೆಸಿದರು. ಇವರು ಬಹುಕಾಲ ಬಯಸಿದ್ದ ಪ್ರತ್ಯೇಕ ವಾಯುಪಡೆ 1947ರ ಸೆಪ್ಟೆಂಬರ್‌ನಲ್ಲಿ, ನಿವೃತ್ತಿಯ ನಂತರ, ಅಸ್ತಿತ್ವಕ್ಕೆ ಬಂತು. 1949ರಲ್ಲಿ ಇವರಿಗೆ ಅದರ ಪಂಚತಾರಾ ಜನರಲ್ ಪದವಿ ನೀಡಲಾಯಿತು. ಈ ಪದವಿ ಬೇರಾರಿಗೂ ಸಂದಿಲ್ಲ. ಅದೇ ವರ್ಷ ಆತ್ಮಕಥೆ ಪ್ರಕಟವಾಯಿತು. 1950ರ ಜನವರಿ 15ರಂದು ಸೊನೋಮಾದ ಮನೆಯಲ್ಲಿ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಇವರ ಸಮಾಧಿಯಿದೆ.