ಹಿಂಡನ್ನೇ ರೋಗಿಯೆಂದು ಬಗೆದ ಗುರು: ಬರ್ನ್‌ಹಾರ್ಡ್ ಬಾಂಗ್

ಒಂದು ಹಸುವಿಗೆ ಮದ್ದು ಕೊಡುವ ಮುನ್ನ ಇಡೀ ಕೊಟ್ಟಿಗೆಯನ್ನು ಪರಿಶೀಲಿಸಬೇಕೆಂಬುದು ಪಶುವೈದ್ಯ ವಿದ್ಯಾರ್ಥಿಗಳಿಗೆ ಇಂದು ಕಲಿಸುವ ಮೊದಲ ಪಾಠಗಳಲ್ಲೊಂದು. ಈ ಪಾಠಕ್ಕೆ ತಳಹದಿ ಹಾಕಿದ ಮಹನೀಯರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಪ್ರಮುಖರು. ಅವರನ್ನು ನಾವಿಲ್ಲಿ ಸ್ಮರಿಸುತ್ತಿದ್ದೇವೆ.

1848ರಲ್ಲಿ ಸೋರೋ ಪಟ್ಟಣದಲ್ಲಿ ಜನಿಸಿದ ಬಾಂಗ್ ಅವರು ಮೊದಲು ಮನುಷ್ಯರ ವೈದ್ಯವನ್ನೂ ಬಳಿಕ ಪಶುವೈದ್ಯವನ್ನೂ ಅಭ್ಯಸಿಸಿದರು. 1880ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಪಶುವೈದ್ಯ ಮತ್ತು ಕೃಷಿ ಕಾಲೇಜಿನ ಅಧ್ಯಾಪಕರಾದರು. ಆಗ ಡೆನ್ಮಾರ್ಕಿನ ರೈತರು ಬೆಣ್ಣೆಯ ರಫ್ತನ್ನು ನೆಚ್ಚಿಕೊಂಡಿದ್ದರು; ಕೊಟ್ಟಿಗೆಗಳಲ್ಲಿಯೋ ಕ್ಷಯ ಬೇರೂರಿತ್ತು. ರೋಗ ತಗುಲಿದ ಹಸುಗಳನ್ನೆಲ್ಲ ಕೊಂದರೆ ರೈತನ ಬದುಕೇ ಮುಳುಗುವಂತಿತ್ತು.

1890ರಲ್ಲಿ ರಾಬರ್ಟ್ ಕಾಕ್ ಕ್ಷಯಕ್ಕೆ ಮದ್ದೆಂದು ಪ್ರಕಟಿಸಿದ ಟ್ಯೂಬರ್ಕ್ಯುಲಿನ್ ಮದ್ದಾಗಿ ಫಲಿಸಲಿಲ್ಲ. ಆದರೆ ಅದನ್ನು ಚುಚ್ಚಿದಾಗ ಕ್ಷಯವಿದ್ದ ಹಸುವಿನ ಮೈ ಬಿಸಿಯೇರುತ್ತಿತ್ತು. ಬಾಂಗ್ ಇದನ್ನೇ ರೋಗಪತ್ತೆಗೆ ಬಳಸಿದರು. ರೋಗವಿದ್ದ ಹಸುವಿನ ಕರುವೂ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತದೆ, ರೋಗ ಅಂಟುವುದು ಬಳಿಕ ಎಂಬುದನ್ನು ಅವರು ಮನಗಂಡಿದ್ದರು. ಆದ್ದರಿಂದ ರೋಗವಿದ್ದವನ್ನೂ ಇಲ್ಲದವನ್ನೂ ಬೇರೆ ಬೇರೆ ಕಟ್ಟಿಸಿ, ಕರುಗಳನ್ನು ಹುಟ್ಟಿದೊಡನೆ ತಾಯಿಯಿಂದ ಬೇರ್ಪಡಿಸಿ, ಅವಕ್ಕೆ ಕಾಯಿಸಿದ ಹಾಲನ್ನು ಕುಡಿಸುವ ಪದ್ಧತಿಯನ್ನು ರೂಪಿಸಿದರು. ರೋಗಿ ಹಸು ಹಾಲು ಕೊಡುತ್ತಿದ್ದಂತೆಯೇ ಅದರ ಕರುಗಳಿಂದ ಹೊಸ ಹಿಂಡು ಬೆಳೆಯುತ್ತಿತ್ತು. ಉಷ್ಣಮಾಪಕ, ಪ್ರತಿ ಹಸುವಿನ ಲೆಕ್ಕ, ನಡುವೆ ಒಂದು ಗೋಡೆ, ಎಚ್ಚರದ ಕಣ್ಣು: ಈ ಪದ್ಧತಿಗೆ ಬೇಕಾದುದು ಇಷ್ಟೇ. ಆದರೆ ಇವು ಕೊಟ್ಟಿಗೆಯಲ್ಲಿ ನಿಂತು ಕಲಿಯಬೇಕಾದ ವಿದ್ಯೆಗಳು.

ನಮ್ಮ ಹಳ್ಳಿಗಳಲ್ಲಿ ‘ಕಂದು ಹಾಕುವುದು’ ಎನ್ನುವ ಸಾಂಕ್ರಾಮಿಕ ಗರ್ಭಪಾತದ ಕಾರಣವನ್ನು ಕಂಡುಹಿಡಿದವರೂ ಬಾಂಗ್ ಅವರೇ. ಸಹಾಯಕ ಸ್ಟ್ರಿಬೋಲ್ಟ್ ಅವರೊಡನೆ ಗಬ್ಬದ ಹಸುವೊಂದರ ಗರ್ಭಕೋಶವನ್ನು ಪರೀಕ್ಷಿಸಿ ಪತ್ತೆಹಚ್ಚಿದ ಸೂಕ್ಷ್ಮಜೀವಿಯನ್ನು 1897ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂದೆ ಬ್ರುಸೆಲ್ಲಾ ಅಬಾರ್ಟಸ್ ಎಂಬ ಹೆಸರಾಯಿತು. ಈ ಸೋಂಕು ಹಸಿ ಹಾಲಿನ ಮೂಲಕ ಮನುಷ್ಯರಿಗೂ ಬರುತ್ತದೆಂಬುದು ಕಾಲಾನಂತರ ಸ್ಪಷ್ಟವಾಯಿತು. 1932ರಲ್ಲಿ ಬಾಂಗ್ ಕೋಪನ್‌ಹೇಗನ್ನಿನಲ್ಲಿ ನಿಧನರಾದರು.

ಭಾರತದಲ್ಲಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಇದೇ ರೋಗದ ವಿರುದ್ಧ ಲಸಿಕೆಯನ್ನು ಗೊತ್ತುಪಡಿಸಿದೆ. ಊರಿನ ಮನೆಯಲ್ಲಿ ಇನ್ನೂ ದನಕರುಗಳನ್ನು ಸಾಕುತ್ತಿರುವ ನಮ್ಮ ಬಂಧುಗಳಿಗೆ ಈ ವಿಷಯವನ್ನು ತಿಳಿಸುವುದು, ಹಾಲನ್ನು ಕಾಯಿಸಿಯೇ ಕುಡಿಯುವುದು ಆ ಗುರುವಿಗೆ ನಾವು ಸಲ್ಲಿಸಬಹುದಾದ ಗೌರವವೆಂದು ಭಾವಿಸುತ್ತೇವೆ.